ಗಿರಣಿ ಶುರು ಮಾಡುವ ಪುಸ್ತಕ

ಪೊಕುವಾ ಕುಮಾಸಿಯ ವಿಶ್ವವಿದ್ಯಾಲಯದಲ್ಲಿ ಏನು ಓದುತ್ತಾಳೆಂದು ಊರಲ್ಲಿ ಯಾರಿಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ನರ್ಸಿಂಗ್ ಅಲ್ಲ, ಕಾನೂನೂ ಅಲ್ಲ. ತಾಂತ್ರಿಕ ಬರವಣಿಗೆ. ಯಂತ್ರ ನಡೆಸುವವರಿಗೆ ಹೇಗೆ ನಡೆಸಬೇಕೆಂದು ಬರೆದುಕೊಡುವ ವಿದ್ಯೆ.

"ಮಿಷಿನ್ನಿಗೆ ಕಾಗದ ಬರೆಯೋದಾ?" ಎಂದು ಜೋಳದ ಹಿಟ್ಟಿನ ಕೆಂಕೆ ಉಂಡೆ ಬೇಯಿಸಿ ಮಾರುವ ಮಾಮೆ ಫೊರಿವಾ ಕೇಳಿದಳು. "ಅದು ಉತ್ತರ ಬರೀತದಾ?"

"ಬರೀತದೆ ಮಾಮೆ. ಗುಡುಗುಡು ಅಂತ."

"ಹಾಗಾದ್ರೆ ನಿಮ್ಮಪ್ಪನ ಗಿರಣಿಗೆ ಒಂದು ಬರಿ. ಎರಡು ತಿಂಗಳಿಂದ ಜೋಳದ ಬೋಗುಣಿ ಹೊತ್ಕೊಂಡು ಪಕ್ಕದೂರಿಗೆ ಹೋಗಿ ಹೋಗಿ ನನ್ನ ಕುತ್ತಿಗೆ ಭುಜದೊಳಗೆ ಇಳಿದುಹೋಗಿದೆ."

ತಮಾಷೆಗೆ ಆಡಿದ ಮಾತು. ಪೊಕುವಾ ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ.

ಅವಳಪ್ಪ ಅದುಸೇ ಸತ್ತ ದಿನವೇ ಗಿರಣಿಯೂ ನಿಂತಿತ್ತು. ಇಂಜಿನ್ ಕೆಟ್ಟಿರಲಿಲ್ಲ. ಶುರು ಮಾಡುವ ಬಗೆ ಊರಲ್ಲಿ ಅವನೊಬ್ಬನಿಗೇ ಗೊತ್ತಿತ್ತು, ಅಷ್ಟೆ. ಹೆಂಡತಿ ಕೊನಾಡು ಇಪ್ಪತ್ತೆರಡು ವರ್ಷ ಆ ಬಾಗಿಲಲ್ಲಿ ನಿಂತು ಹಿಟ್ಟು ಅಳೆದುಕೊಟ್ಟವಳು, ಒಂದು ದಿನವೂ ಕೇಳಿರಲಿಲ್ಲ. ಗಂಡ ಇರುವಾಗ ಯಾರು ಕೇಳುತ್ತಾರೆ?

ಪೊಕುವಾಳದು ಕೊನೆಯ ವರ್ಷ. ಪ್ರತಿಯೊಬ್ಬರೂ ಒಂದು ಯಂತ್ರದ ಕೈಪಿಡಿ ಬರೆಯಬೇಕಿತ್ತು. ಬೋಚ್‌ವೇ ಮೇಷ್ಟ್ರ ನಿಯಮ ಎರಡೇ. ಆ ಯಂತ್ರವನ್ನು ಎಂದೂ ಮುಟ್ಟದ ಒಬ್ಬರು ಪುಸ್ತಕ ಓದಿಕೊಂಡು ಅದನ್ನು ಶುರು ಮಾಡಬೇಕು. ಅಲ್ಲಿಯವರೆಗೆ ಬರೆದವರು ಬಾಯಿ ತೆರೆಯಕೂಡದು. ತೆರೆದರೆ ಫೇಲು. ಫೇಲಾದರೆ ಇಡೀ ವರ್ಷ ಮತ್ತೆ ಓದಬೇಕು. ಪೊಕುವಾ ಅಪ್ಪನ ಗಿರಣಿಯನ್ನೂ, ಅದನ್ನು ಶುರು ಮಾಡಲು ಅಮ್ಮ ಕೊನಾಡುವನ್ನೂ ಆರಿಸಿಕೊಂಡಳು.

ಇಂಜಿನ್ ಕಲಿಸಿದವನು ಅಮ್ಮನ ಅಣ್ಣ, ವೋಫಾ ತಬಿರಿ. ಕುಮಾಸಿಯಲ್ಲಿ ಗ್ಯಾರೇಜು ಇಟ್ಟವನು. ಮೂರು ಶನಿವಾರ ಅವಳನ್ನು ಅಲ್ಲಿದ್ದ ಅಂಥದ್ದೇ ಒಂದು ಇಂಜಿನ್ನಿನ ಮುಂದೆ ನಿಲ್ಲಿಸಿ ತೋರಿಸಿದ. ಅವಳೇ ಶುರು ಮಾಡಿದ ದಿನ ಮುಷ್ಟಿ ಎತ್ತಿ ಕುಣಿದ. ತನ್ನ ಸೊಟ್ಟ ಮಣಿಕಟ್ಟನ್ನೂ ತೋರಿಸಿದ. "ಲಿವರ್ ಎತ್ತಿ ಹಿಡಿದ್ರೆ ಹ್ಯಾಂಡಲ್ ಹಗುರ. ನಿಧಾನ ತಿರುಗುವಾಗ ಲಿವರ್ ಬಿಟ್ಟೆಯೋ, ಕತ್ತೆ ಒದ್ದ ಹಾಗೆ ವಾಪಸ್ ಒದೀತದೆ. ಇದು ಅದರ ಗುರುತು."

ಪೊಕುವಾ ಎಲ್ಲವನ್ನೂ ಮನೆಮಾತು ಟ್ವಿಯಲ್ಲಿ ಬರೆದಳು. ಕೊನಾಡು ಚರ್ಚಿನ ಹಾಡಿನ ಪುಸ್ತಕ ಓದುವಷ್ಟು ಅಕ್ಷರ ಕಲಿತಿದ್ದಳು, ಅದಕ್ಕೆ. ಮೊದಲ ಪ್ರತಿ ನೋಡಿ ಬೋಚ್‌ವೇ ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. 'ಅಮ್ಮಾ, ಬೆಳಗಿನ ನಮಸ್ಕಾರ. ಮನೆಯವರೆಲ್ಲ ಚೆನ್ನಾಗಿದ್ದಾರೆಯೇ? ತಮಗೆ ತೊಂದರೆ ಇಲ್ಲವೆಂದರೆ, ದಯಮಾಡಿ, ತೊಟ್ಟಿಯಲ್ಲಿ ನೀರಿದೆಯೇ ನೋಡುವಿರಾ?'

"ಏನಮ್ಮ, ಹೆಣ್ಣು ಕೇಳೋಕೆ ಹೋಗಿದೀಯಾ?"

"ದೊಡ್ಡೋರಿಗೆ ಅಪ್ಪಣೆ ಕೊಡೋಕಾಗಲ್ಲ ಸಾರ್."

"ಪುಸ್ತಕಕ್ಕೆ ವಯಸ್ಸಿಲ್ಲ. ಹೊಡೆದುಹಾಕು."

'ನಮಸ್ಕಾರ' ಹೊಡೆದುಹಾಕಿದಳು. 'ದಯಮಾಡಿ' ಹೊಡೆದುಹಾಕಿದಳು. ನಲವತ್ತು ಪುಟ ಹನ್ನೊಂದಕ್ಕೆ ಇಳಿಯಿತು. ಒಂದು ಕಡೆ ಮಾತ್ರ ಅವಳ ಪೆನ್ನು ಮುಂದೆ ಹೋಗಲಿಲ್ಲ. ಅಲ್ಲಿ ಏನೋ ಬರೆದು ಮುಂದಕ್ಕೆ ದಾಟಿದಳು.

ಪರೀಕ್ಷೆಯ ದಿನ ಮೇಷ್ಟ್ರು ಟ್ರೋಟ್ರೋ ವ್ಯಾನಿನಿಂದ ಇಳಿಯುವ ಹೊತ್ತಿಗೆ ಅರ್ಧ ಊರು ಗಿರಣಿಯ ಮುಂದಿತ್ತು. ಮಾಮೆ ಫೊರಿವಾ ನೆನೆಸಿದ ಜೋಳದ ಬೋಗುಣಿ ಇಟ್ಟುಕೊಂಡು ಮೊದಲ ಸಾಲಿನಲ್ಲೇ ಕೂತಿದ್ದಳು.

"ಶುರು ಆಗದೇ ಇದ್ರೆ?" ಎಂದಳು ಪೊಕುವಾ.

"ಆಗದೇ ಇದ್ರೆ ನಿನ್ನ ತಲೆ ಮೇಲೆ ಹೊರಿಸಿ ಪಕ್ಕದೂರಿಗೆ ಕಳಿಸ್ತೀನಿ. ಡಿಗ್ರಿ ಓದಿದ ತಲೆ, ಗಟ್ಟಿ ಇರ್ತದೆ."

ಕೊನಾಡು ಕಪ್ಪು ಬಟ್ಟೆಯಲ್ಲಿ ಬಂದಳು. ವಿಧವೆಯ ಬಟ್ಟೆ, ಇನ್ನೂ ಎಂಟು ತಿಂಗಳು ತೆಗೆಯುವಂತಿಲ್ಲ. ಬೀಗ ತೆಗೆದಳು. ಮೊಳೆಯಲ್ಲಿ ಅದುಸೇಯ ಟೋಪಿ ಹಾಗೇ ತೂಗುತ್ತಿತ್ತು. ಅದನ್ನು ನೋಡಿ, ನೋಡದವಳಂತೆ ಪುಸ್ತಕ ಬಿಡಿಸಿದಳು.

"ಒಂದು. ತೊಟ್ಟಿಯಲ್ಲಿ ನೀರು ನೋಡಿ." ನೋಡಿದಳು. "ಎರಡು. ಡೀಸೆಲ್ ನೋಡಿ." ನೋಡಿದಳು. ಚರ್ಚಿನಲ್ಲಿ ಓದಿದ ಹಾಗೆ ಜೋರಾಗಿ ಓದುತ್ತಿದ್ದಳು. ಹಿಂದಿನಿಂದ ಯಾರೋ "ಆಮೆನ್" ಎಂದರು. ನಗು ಎದ್ದಿತು.

"ಐದು. ಒಂದು ಕೈಯಿಂದ ಲಿವರ್ ಎತ್ತಿ ಹಿಡಿಯಿರಿ. ಇನ್ನೊಂದು ಕೈಯಿಂದ ಹ್ಯಾಂಡಲ್ ತಿರುಗಿಸಿ. ಜೋರಾಗಿ ತಿರುಗಿದ ಮೇಲೆ ಲಿವರ್ ಬಿಡಿ."

ಕೊನಾಡು ಪುಸ್ತಕ ಕೆಳಗಿಟ್ಟು ಬಲಗೈಯಲ್ಲಿ ಲಿವರ್ ಹಿಡಿದಳು. ಮೊದಲು ಹೇಳಿದ ಕೆಲಸಕ್ಕೆ ಮರ್ಯಾದೆಯ ಕೈ. ಹ್ಯಾಂಡಲ್ ಎಡಗೈಗೆ ಬಂತು.

ಪೊಕುವಾ ತುಟಿ ಕಚ್ಚಿಕೊಂಡಳು. ಹ್ಯಾಂಡಲ್ ತಿರುಗಿತು, ನಿಧಾನ, ತೂಕಡಿಸಿದ ಹಾಗೆ. ಅಮ್ಮನ ಎಡಗೈಗೆ ಬಲ ಸಾಲುತ್ತಿರಲಿಲ್ಲ. ಆ ಹಾಳು ಕಬ್ಬಿಣ ಎಷ್ಟು ಜೋರಾಗಿ ತಿರುಗಬೇಕೆಂದು ಅಮ್ಮನಿಗೆ ಹೇಗೆ ಗೊತ್ತಾಗಬೇಕು? ಬಲಗೈ ಬೆರಳು ಲಿವರಿನಿಂದ ಸಡಿಲವಾಗತೊಡಗಿತು. ಪೊಕುವಾಳ ಕಣ್ಣಿಗೆ ವೋಫಾ ತಬಿರಿಯ ಮಣಿಕಟ್ಟು ಕಂಡಿತು. ಮತ್ತೆ ಓದಬೇಕಾದ ಒಂದು ವರ್ಷವೂ ಕಂಡಿತು.

"ಅಮ್ಮಾ, ಲಿವರ್ ಬಿಡಬೇಡ! ಹ್ಯಾಂಡಲ್ ಬಿಡು!"

ಕೊನಾಡು ಹ್ಯಾಂಡಲ್ ಬಿಟ್ಟಳು. ಅದು ಎರಡು ಸುತ್ತು ತಾನೇ ತಿರುಗಿ ನಿಂತಿತು.

ಬೋಚ್‌ವೇ ಮೇಷ್ಟ್ರು ಕಾಗದದಲ್ಲಿ ಏನೋ ಬರೆದುಕೊಂಡರು. "ಬಾಯಿ ತೆರೆದೆ."

"ಹೌದು ಸಾರ್."

"ತೆರೆಯದೆ ಇದ್ದಿದ್ರೆ ನಿನ್ನನ್ನ ಕೋರ್ಸಿನಿಂದಲೇ ಓಡಿಸ್ತಿದ್ದೆ. ಆದ್ರೆ ಪುಸ್ತಕ ಎಡವಿತು. ಎಲ್ಲಿ ಹೇಳು."

"ಯಾವ ಕೈ ಅಂತ ಬರೀಲಿಲ್ಲ."

"ಗೊತ್ತಿರಲಿಲ್ವಾ?"

"ಗೊತ್ತಿತ್ತು ಸಾರ್. ದೊಡ್ಡೋರ ಮುಂದೆ ಎಡಗೈ ಮಾತನ್ನೇ ಆಡಬಾರದು, ಹೆತ್ತ ಅಮ್ಮನಿಗೆ ಎಡಗೈ ಅಂತ ಹೇಗೆ ಬರೀಲಿ?"

ಹೆಂಗಸರು ತಲೆಯಾಡಿಸಿದರು. "ಚೆನ್ನಾಗಿ ಬೆಳೆಸಿದಾಳೆ," ಎಂದಳು ಮಾಮೆ ಫೊರಿವಾ. ಮೇಷ್ಟ್ರು ಎತ್ತಿದ ಪೆನ್ನು ಇಳಿಸಿದರು. ಅವರಿಗೂ ಅಮ್ಮ ಇದ್ದಳು.

ಕೊನಾಡು ಲಿವರಿನ ಮೇಲೆ ಕೈಯಾಡಿಸಿದಳು. ಒಂದು ಬದಿ ಸವೆದು ಹೊಳೆಯುತ್ತಿತ್ತು. "ನಾನು ಬಾಗಿಲಲ್ಲಿ ನಿಂತು ಅವನ ಬೆನ್ನು ಮಾತ್ರ ನೋಡಿದ್ದು. ಎಡಗೈ ಇಲ್ಲಿ ಇಡ್ತಿದ್ನಾ?"

"ಹೂಂ ಅಮ್ಮ. ದಿನಾ."

"ಹಾಗಾದ್ರೆ ಬರಿ. ಅವನ ಕೈ ಇದ್ದ ಕಡೆ ನನ್ನ ಕೈ ಇದ್ರೆ ನನಗೇನು ಅವಮಾನ? ಬರಿ, ನೋಡ್ತಾ ನಿಂತ್ಕೋಬೇಡ."

ಮೇಷ್ಟ್ರು ಗಡಿಯಾರ ನೋಡಿಕೊಂಡರು. "ಇಂಜಿನ್ ಇನ್ನೂ ಶುರು ಆಗಿಲ್ಲ, ಅಮ್ಮ ಇನ್ನೂ ಹೊಸಬರೇ. ನನ್ನ ಗಾಡಿ ನಾಲ್ಕಕ್ಕೆ. ಇನ್ನೊಂದೇ ಸಲ. ಈಗ ಬಾಯಿ ಬಿಟ್ಟರೆ ಮುಂದಿನ ವರ್ಷ ನೋಡೋಣ."

ಪೊಕುವಾ ಜೋಳದ ಮೂಟೆಯ ಮೇಲೆ ಪುಸ್ತಕ ಇಟ್ಟುಕೊಂಡು ಐದನ್ನು ಹೊಡೆದುಹಾಕಿದಳು. ಪಕ್ಕದಲ್ಲಿ ಬರೆದಳು. ಬರೆದು, ಇಂಜಿನ್ನಿಗೆ ಬೆನ್ನು ಹಾಕಿ ನಿಂತಳು. ನೋಡಿದರೆ ಕೂಗಿಬಿಡುತ್ತಿದ್ದಳು.

"ಐದು," ಕೊನಾಡು ಓದಿದಳು. "ಕ್ಷಮಿಸಿ, ನಿಮ್ಮ ಎಡಗೈಯಿಂದ ಲಿವರ್ ಎತ್ತಿ ಹಿಡಿಯಿರಿ. ಬಲಗೈಯಿಂದ ಹ್ಯಾಂಡಲ್ ತಿರುಗಿಸಿ. ಇಪ್ಪತ್ತು ಸುತ್ತು, ಒಂದಕ್ಕಿಂತ ಒಂದು ಜೋರು. ಇಪ್ಪತ್ತಾದ ಮೇಲೆ ಲಿವರ್ ಬಿಡಿ."

ಊರೆಲ್ಲ ಎಣಿಸಿತು. ಊರಿಗೆ ಬಾಯಿ ಮುಚ್ಚಬೇಕೆಂಬ ನಿಯಮ ಇರಲಿಲ್ಲ. ಹದಿನೆಂಟು. ಹತ್ತೊಂಬತ್ತು. ಇಪ್ಪತ್ತು.

ಇಂಜಿನ್ ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಆಮೇಲೆ ನಾಲ್ಕು ತಿಂಗಳ ಹಿಂದಿನ ಅದೇ ಸದ್ದು, ಅದೇ ಹೊಗೆ. ಪೊಕುವಾ ತಿರುಗಿ ನೋಡಿದಳು. ಅಮ್ಮನ ಮುಖ ಕಾಣಲಿಲ್ಲ. ಬೆನ್ನು ಕಂಡಿತು.

ಮಾಮೆ ಫೊರಿವಾ ಯಾರನ್ನೂ ಕೇಳದೆ ತನ್ನ ಜೋಳ ಸುರಿದಳು.

ಬೋಚ್‌ವೇ ಮೇಷ್ಟ್ರು ಪಾಸು ಮಾಡಿದರು. ಆ 'ಕ್ಷಮಿಸಿ'ಗೆ ಒಂದು ಅಂಕ ಕಳೆದರು. ಪೊಕುವಾ ಅದನ್ನು ಇವತ್ತಿಗೂ ಹೊಡೆದುಹಾಕಿಲ್ಲ. ಪುಸ್ತಕ ಪ್ಲಾಸ್ಟಿಕ್ ಚೀಲದೊಳಗೆ, ಅದೇ ಮೊಳೆಗೆ, ಟೋಪಿಯ ಕೆಳಗೆ ತೂಗುತ್ತದೆ. ಕೊನಾಡುವಿಗೆ ಈಗ ಅದು ಬೇಕಿಲ್ಲ. ಆದರೂ ದಿನಾ ಬೆಳಗ್ಗೆ ಐದನೆಯದನ್ನು ಓದಿಯೇ ಕೈ ಇಡುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಅವಳ ಕಪ್ಪು ಬಟ್ಟೆಯ ತುಂಬ ಹಿಟ್ಟು. ಕೊಡವುವುದಿಲ್ಲ.