ಸುಲೋಚನಮ್ಮನವರು ಒತ್ತಿದ ‘ಒಪ್ಪಿಗೆ’

ಕಡೂರಿನ ಬಸ್ ಸ್ಟ್ಯಾಂಡಿನ ಹಿಂದೆ ಓಂಕಾರೇಶನ ಹಾರ್ಡ್‌ವೇರ್ ಅಂಗಡಿ ಇದೆ. ಶನಿವಾರ ಸಂಜೆ ನಾಲ್ಕರ ಮೇಲೆ ಅಲ್ಲಿಗೆ ಮೊಳೆಯೋ ಚಿಲಕವೋ ಕೇಳಿಕೊಂಡು ಹೋದವರಿಗೆ ‘ಸೋಮವಾರ ಬನ್ನಿ’ ಎಂಬ ಉತ್ತರವೇ ಗತಿ. ಬಂದ ಗಿರಾಕಿಯನ್ನು ವಾಪಸ್ ಕಳಿಸಿ ಈ ಮಹಾನುಭಾವ ಮಾಡುವುದೇನು? ಒಳಗಿನ ಗೋಡೌನಿನಲ್ಲಿ ಪೇಂಟ್ ಡಬ್ಬಗಳ ನಡುವೆ ಏಳು ಕುರ್ಚಿ ಹಾಕಿಕೊಂಡು ಷೇರುಪೇಟೆಯನ್ನು ಉದ್ಧಾರ ಮಾಡುತ್ತಿರುತ್ತಾನೆ. ಅಲ್ಲಿ ಸೇರುವ ಏಳು ಜನವೂ ಅವರವರ ದುಡ್ಡಿನಲ್ಲಿ ಅವರವರ ಹೆಸರಿಗೇ ಷೇರು ಕೊಳ್ಳುವವರು. ಜಗಳ ಮಾತ್ರ ಒಟ್ಟಿಗೆ ಆಡುತ್ತಾರೆ. ಫ್ಯಾನಿನ ಕೆಳಗಿನ ಕುರ್ಚಿ ಸುಲೋಚನಮ್ಮನವರದು. ಅದರಲ್ಲಿ ಬೇರೆಯವರು ಕೂತರೆ ಅವರು ಏನೂ ಅನ್ನುವುದಿಲ್ಲ, ಎದುರಿಗೆ ಬಂದು ನಿಲ್ಲುತ್ತಾರೆ ಅಷ್ಟೆ. ಕೂತವರು ತಾವಾಗಿ ಏಳುತ್ತಾರೆ.

ಸುಲೋಚನಮ್ಮನವರಿಗೆ ಈಗ ಅರವತ್ತೇಳು. ಮದುವೆಯ ಗೋಜಿಗೆ ಹೋಗದೆ ಇಡೀ ಆಯಸ್ಸನ್ನು ಟೆಲಿಫೋನ್ ಇಲಾಖೆಗೆ ಕೊಟ್ಟವರು. ಮೊದಲ ಹದಿನೈದು ವರ್ಷ ಅಜ್ಜಂಪುರದ ಎಕ್ಸ್‌ಚೇಂಜಿನಲ್ಲಿ ಆಪರೇಟರ್, ಆಮೇಲೆ ನಿವೃತ್ತಿಯವರೆಗೂ ತರೀಕೆರೆಯ ಕೌಂಟರಿನಲ್ಲಿ. ಅಜ್ಜಂಪುರದ ಈರುಳ್ಳಿ ಮಂಡಿಯವರು ದಾವಣಗೆರೆಗೆ ದರ ಕೇಳಬೇಕಾದರೂ ಇವರೇ ಲೈನ್ ಕೊಡಬೇಕಿತ್ತು. ಆಪರೇಟರ್ ಮುಂದಿನ ಬೋರ್ಡಿನಲ್ಲಿ ಒಂದು ಕೀ. ಒತ್ತಿ ಹಿಡಿದರೆ ಎರಡೂ ಕಡೆಯ ಮಾತು ಕಿವಿಗೆ ಬೀಳುತ್ತದೆ, ಬಿಟ್ಟರೆ ಇಲ್ಲ. ಇಬ್ಬರೂ ‘ಹಲೋ’ ಅಂದರೆಂದು ಖಾತ್ರಿಯಾದ ಕೂಡಲೇ ಕೀ ಬಿಡಬೇಕು. ಮೂರು ನಿಮಿಷಕ್ಕೆ ಮತ್ತೆ ಒತ್ತಿ ‘ಟೈಮ್ ಆಯ್ತು, ಮುಂದುವರಿಸ್ತೀರಾ?’ ಎಂದು ಕೇಳಬೇಕು. ಕೀ ಬಿಟ್ಟರೋ ಇಲ್ಲವೋ ಎಂದು ನೋಡಲು ಯಾರೂ ಇರುತ್ತಿರಲಿಲ್ಲ. ಸುಲೋಚನಮ್ಮನವರು ಬಿಡುತ್ತಿದ್ದರು. ಊರವರು ಮಾತ್ರ ಆಯಮ್ಮನಿಗೆ ಗೊತ್ತಿಲ್ಲದ ಸಂಗತಿ ಅಜ್ಜಂಪುರದಲ್ಲೇ ಇಲ್ಲವೆಂದು ನಂಬಿ, ಬೀದಿಯಲ್ಲಿ ಕಂಡರೆ ವಿನಾಕಾರಣ ನಗುತ್ತಿದ್ದರು.

ಇಂಚರ ಮೊಬೈಲ್ಸ್ ಎಂಬ ಕಂಪನಿಯನ್ನು ಶನಿವಾರದ ಕೂಟಕ್ಕೆ ತೋರಿಸಿಕೊಟ್ಟಿದ್ದು ಇವರೇ. ನಮ್ಮಲ್ಲೇ ತಯಾರಾಗುವ ಸ್ಮಾರ್ಟ್‌ಫೋನು, ಬೆಲೆ ಕಡಿಮೆ, ಒಳಗಿನದೆಲ್ಲ ಕನ್ನಡದಲ್ಲಿ, ಯಗಟಿಯ ಕಡೆ ಕುರಿ ಮೇಯಿಸುವವರ ಕೈಯಲ್ಲೂ ಅದೇ. ಇಷ್ಟು ವರ್ಷ ಟೆಲಿಫೋನಿನಲ್ಲಿ ಇದ್ದವರು ಹೇಳಿದ ಮೇಲೆ ಇನ್ನೇನು ಎಂದು ಉಳಿದ ಆರು ಜನವೂ ಕೊಂಡರು. ಷೇರು ಏರಿತು, ಸುಲೋಚನಮ್ಮನವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅದೇ ಹುಮ್ಮಸ್ಸಿನಲ್ಲಿ ಹಿಂದಿನ ವರ್ಷದ ಗೌರಿ ಹಬ್ಬಕ್ಕೆ, ತೀರಿಕೊಂಡ ತಂಗಿಯ ಮಗಳು ನಿಶ್ಚಿತಾಳಿಗೆ ತವರಿನ ಪರವಾಗಿ ಕೊಟ್ಟ ಮೊರದ ಬಾಗಿನದಲ್ಲಿ ಬಳೆ, ಅಕ್ಕಿ, ಬೇಳೆ, ಬೆಲ್ಲದ ಜೊತೆ ಒಂದು ಇಂಚರ ಫೋನನ್ನೂ ಇಟ್ಟರು.

ಬಾಗಿನವನ್ನು ಬರಿದಾಗಿ ಕೊಡುವ ಪದ್ಧತಿಯಿಲ್ಲ, ತುಂಬಿಯೇ ಕೊಡಬೇಕು. ಹಾಗಾಗಿ ಫೋನನ್ನೂ ತುಂಬಿದರು. ಡಬ್ಬಿ ಒಡೆದು, ಸಿಮ್ ಹಾಕಿ, ನೆಂಟರಿಷ್ಟರ ನಂಬರ್ ಸೇರಿಸಿ, ನಾಲ್ಕು ಗೌರಿ ಹಾಡು ಹಾಕಿ, ಪರದೆಯ ಮೇಲೆ ಬಂದ ಪ್ರಶ್ನೆಗೆಲ್ಲ ‘ಒಪ್ಪಿಗೆ’, ‘ಒಪ್ಪಿಗೆ’ ಎಂದು ಒತ್ತುತ್ತ ಹೋದರು. ಹನ್ನೊಂದು ಸಲ. ಬೆಸ ಸಂಖ್ಯೆ ಬಂತಲ್ಲ, ಒಳ್ಳೆಯದೇ ಆಯಿತು ಎಂದು ಬೇರೆ ಅಂದುಕೊಂಡರು. ಅದರಲ್ಲಿ ಒಂದನ್ನಾದರೂ ಓದಿದರೇ ಎಂದರೆ, ಉಹುಂ.

ಈ ಆಷಾಢದ ಒಂದು ಶನಿವಾರ ಕೂಟ ಸೇರಿದಾಗ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ತೀರ್ಥಪ್ಪನವರು ಪೇಪರನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡೇ ಒಳಗೆ ಬಂದರು. ಇಂಚರ ಫೋನಿನಲ್ಲಿ ‘ಕರೆ ಸಹಾಯಕ’ ಎಂಬ ಸೌಲಭ್ಯವಿದೆಯಂತೆ. ನಾವು ಯಾರ್‍ಯಾರಿಗೆ ಫೋನ್ ಮಾಡಿದೆವು ಎಂಬ ಪಟ್ಟಿ ಅದರ ಮೂಲಕ ಕಂಪನಿಗೆ ಹೋಗಿ, ಅಲ್ಲಿಂದ ಜಾಹೀರಾತಿನವರ ಕೈ ಸೇರುತ್ತಿದೆಯಂತೆ. ಸರ್ಕಾರ ನೋಟಿಸ್ ಕೊಟ್ಟಿದೆ, ಷೇರು ದಬದಬ ಇಳಿಯುತ್ತಿದೆ.

“ಸೋಮವಾರ ಬೆಳಗ್ಗೆನೇ ಮಾರಿ ಕೈ ತೊಳ್ಕೊಳೋಣ ಸುಲೋಚನಮ್ಮೋರೆ,” ಎಂದರು ತೀರ್ಥಪ್ಪ. “ನಂಬಿಕೆ ಹೋದ ಫೋನ್ ಯಾರು ತಗೋತಾರೆ?”

“ತಗೋತಾರೆ ಸುಮ್ನಿರಿ ಸಾರ್,” ಎಂದ ಓಂಕಾರೇಶ. “ಎಲ್ಲಾ ಕಂಪನಿಯೋರೂ ಮಾಡೋದು ಇದನ್ನೇ. ಬೇರೆಯೋರು ಸಿಕ್ಕಾಕ್ಕೊಂಡಿಲ್ಲ ಅಷ್ಟೇ. ಬ್ಯಾಟರಿ ಎರಡು ದಿನ ಬರ್ತದೆ, ಹಳ್ಳೀಲಿ ಸೇಲ್ಸ್ ಏರ್ತಾನೇ ಇದೆ. ಇಳಿದಾಗ ಇನ್ನಷ್ಟು ತಗೋಬೇಕು. ಅಲ್ಲ, ನಮ್ಮ ಕಾಲ್ ಲಿಸ್ಟಲ್ಲಿ ಅಂಥಾ ಗುಟ್ಟೇನಪ್ಪಾ ಇರ್ತದೆ? ನಾನು ಸಿಮೆಂಟ್ ಡೀಲರ್‌ಗೆ ಫೋನ್ ಮಾಡಿದ್ದು ಯಾರಿಗೆ ಗೊತ್ತಾದ್ರೆ ಏನು?”

ಎಲ್ಲರೂ ನಕ್ಕರು. ಸುಲೋಚನಮ್ಮನವರಿಗೂ ಅದು ಸರಿಯೆಂದೇ ತೋರಿತು, ನಿಜ ಹೇಳಬೇಕೆಂದರೆ. ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಸಖರಾಯಪಟ್ಟಣದಿಂದ ನಿಶ್ಚಿತಾಳ ಗಂಡ ಧರ್ಮೇಶ.

“ಅತ್ತೆ, ನಾಳೆ ಒಂದ್ಸಲ ಬಂದು ಹೋಗಿ,” ಎಂದ. “ಫೋನಲ್ಲಿ ಹೇಳೋ ಅಂಥದ್ದಲ್ಲ.”

ಭಾನುವಾರ ಮೊದಲ ಬಸ್ಸಿಗೇ ಹೊರಟರು. ಸಖರಾಯಪಟ್ಟಣದ ಮನೆಯಲ್ಲಿ ನಿಶ್ಚಿತಾ ಹಿತ್ತಲ ತೆಂಗಿನ ಬುಡದಲ್ಲಿ ಪಾತ್ರೆ ತಿಕ್ಕುತ್ತ ಕೂತಿದ್ದಳು. ದೊಡ್ಡಮ್ಮನನ್ನು ಕಂಡರೂ ಏಳಲಿಲ್ಲ. ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ಗಂಡ ಹೆಂಡತಿ ಇಬ್ಬರೇ ಮಾತಾಡಿಕೊಂಡು, ಆ ಇಂಚರ ಫೋನಿನಲ್ಲೇ ದಿನ ಗೊತ್ತುಮಾಡಿಕೊಂಡು, ಶಿವಮೊಗ್ಗದ ಒಂದು ಆಸ್ಪತ್ರೆಗೆ ಚಿಕಿತ್ಸೆಗೆ ಹೋಗಿ ಬರುತ್ತಿದ್ದುದು ದೊಡ್ಡಮ್ಮನಿಗೆ ಮಾತ್ರ ಗೊತ್ತಿತ್ತು. ಕೂಸು ನಿಂತ ಮೇಲೆಯೇ ಉಳಿದವರಿಗೆ ಹೇಳುವುದೆಂದು ಅವಳ ಆಸೆ. ಎರಡು ತಿಂಗಳಿಂದ ಅವಳ ಫೋನಿಗೆ ಗುರುತಿಲ್ಲದವರ ಕರೆಗಳು ಶುರುವಾದವು. ಹೋದ ವಾರ ಅವಳು ಸ್ನಾನಕ್ಕೆ ಹೋಗಿದ್ದಾಗ ಅತ್ತೆ ಕಮಲಾಕ್ಷಮ್ಮ ಎತ್ತಿದರು. ‘ಮೇಡಂ, ಮಕ್ಕಳಾಗೋ ಟ್ರೀಟ್‌ಮೆಂಟಿಗೆ ಕಂತಿನ ಸಾಲ ಬೇಕಾ?’ ಎಂದು ಆ ಕಡೆಯ ಹುಡುಗಿ ಕೇಳಿದಳು. ಕಮಲಾಕ್ಷಮ್ಮ ಕೆಟ್ಟವರೇನಲ್ಲ, ಆದರೆ ಅವರ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಗಾಬರಿಯಲ್ಲಿ ಹಿಟ್ಟಿನ ಗಿರಣಿಯಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಂಡು ಕಣ್ಣೀರು ಹಾಕಿದರು. ಸಂಜೆಯ ಹೊತ್ತಿಗೆ ಇಡೀ ಊರು ನಿಶ್ಚಿತಾಳ ಹೊಟ್ಟೆಯ ಬಗ್ಗೆ ಮಾತಾಡುತ್ತಿತ್ತು.

“ಪೇಪರಲ್ಲಿ ಬಂದಿದೆಯಲ್ಲ, ನೀನೇ ಕೊಟ್ಟ ಫೋನು ದೊಡ್ಡಮ್ಮ,” ಎಂದಳು ನಿಶ್ಚಿತಾ, ತಿಕ್ಕಿದ್ದ ಪಾತ್ರೆಯನ್ನೇ ಮತ್ತೆ ತಿಕ್ಕುತ್ತ. “ನಾನು ಯಾತಕ್ಕೂ ಹೂಂ ಅಂದಿರ್ಲಿಲ್ಲ. ಯಾರೂ ನನ್ನ ಕೇಳಿರ್ಲಿಲ್ಲ.”

ಸುಲೋಚನಮ್ಮನವರಿಗೆ ಆಗ ಹೊಳೆಯಿತು. ಹೌದಲ್ಲ! ಹನ್ನೊಂದು ಸಲ ಹೂಂ ಅಂದದ್ದು ತಾವು.

“ತಪ್ಪಾಯ್ತು ಕಣೇ. ಆದ್ರೆ ಆಸ್ಪತ್ರೆ ಬಿಡಬೇಡ. ವಯಸ್ಸು ಮೂವತ್ನಾಲ್ಕು, ತಡ ಮಾಡ್ಬೇಡಿ ಅಂತ ಡಾಕ್ಟ್ರು ಹೇಳವ್ರೆ.”

“ಹೋಗಲ್ಲ. ಮತ್ತೆ ಫೋನ್ ಮಾಡ್ಬೇಕು, ಮತ್ತೆ ಊರಿನ ಬಾಯಿಗೆ ಬೀಳ್ಬೇಕು. ನಂಗೆ ಮಗೂನೂ ಬೇಡ, ಈ ಮರ್ಯಾದೆಗೇಡೂ ಬೇಡ.” ಹಾಗಂದು ಅವಳು ಅತ್ತಳು. ದೊಡ್ಡಮ್ಮ ಎಷ್ಟು ಹತ್ತಿರ ಸರಿದು ಕೂತರೂ ಅವರ ಕೈ ಹಿಡಿಯಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದರೂ ಸುಲೋಚನಮ್ಮನವರಿಗೆ ಹೊರಗಿನದೇನೂ ಕಾಣಲಿಲ್ಲ. ಷೇರು ಮಾರಿದರೆ ತಮ್ಮ ಕೈ ಶುದ್ಧವಾದೀತು, ಹುಡುಗಿ ಆಸ್ಪತ್ರೆಗೆ ಹೋಗುತ್ತಾಳೆಯೇ? ಬೇರೆ ಫೋನ್ ಕೊಡಿಸಿದರೆ ಅವಳು ಮುಟ್ಟುತ್ತಾಳೆಯೇ? ತಾವು ತೆರೆದ ಬಾಗಿಲನ್ನು ಮುಚ್ಚಿಸುವುದೂ ತಮ್ಮದೇ ಕೆಲಸ ಎಂದು ಕಡೂರು ಬರುವಷ್ಟರಲ್ಲಿ ನಿರ್ಧಾರವಾಗಿತ್ತು.

ಷೇರುದಾರರ ವಾರ್ಷಿಕ ಸಭೆ ಶ್ರಾವಣದಲ್ಲಿತ್ತು, ವಿಡಿಯೊದಲ್ಲಿ. ಒಂದೇ ಒಂದು ಷೇರಿದ್ದವರೂ ಮೊದಲೇ ಹೆಸರು ಕೊಟ್ಟರೆ ಮೂರು ನಿಮಿಷ ಮಾತಾಡಬಹುದು. ಸುಲೋಚನಮ್ಮನವರು ಹೆಸರು ಕೊಟ್ಟರು. ಓಂಕಾರೇಶ ತಲೆ ಚಚ್ಚಿಕೊಂಡ.

“ಅಕ್ಕ, ನಾವೇ ಷೇರು ಇಟ್ಕೊಂಡು ನಾವೇ ಕಂಪನಿ ಮಾನ ಕಳೆದ್ರೆ ರೇಟು ಇನ್ನೂ ಬೀಳಲ್ವಾ?”

“ಬೀಳ್ಲಿ ಬಿಡೋ. ಬಿದ್ರೆ ನಂದೂ ಬೀಳ್ತದಲ್ಲ.”

ಸಭೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ಓಂಕಾರೇಶ ಅಂಗಡಿಯ ಶಟರ್ ಅರ್ಧ ಎಳೆದು, ಇಪ್ಪತ್ತು ಲೀಟರ್ ಪೇಂಟ್ ಡಬ್ಬದ ಮೇಲೆ ಲ್ಯಾಪ್‌ಟಾಪ್ ಇಟ್ಟ. ಬೈದರೂ ಅಕ್ಕನನ್ನು ಬಿಟ್ಟುಕೊಡುವ ಆಸಾಮಿಯಲ್ಲ ಅವನು. ಒಬ್ಬೊಬ್ಬರೇ ಮಾತಾಡಲು ಬಂದರು. ಒಬ್ಬರು ಅಧ್ಯಕ್ಷರಿಗೆ ನೂರು ವರ್ಷ ಆಯಸ್ಸು ಕೋರಿದರು. ಇನ್ನೊಬ್ಬರು ಹೋದ ವರ್ಷ ಕಳಿಸಿದ ಸಿಹಿಯ ಡಬ್ಬಿಯನ್ನು ಹೊಗಳಿ ಈ ಸಲ ಖಾರವನ್ನೂ ಸೇರಿಸಲು ಕೇಳಿದರು. ಮತ್ತೊಬ್ಬರಿಗೆ ಫ್ಯಾಕ್ಟರಿ ನೋಡುವ ಆಸೆ. ತೀರ್ಥಪ್ಪನವರು “ಅಯ್ಯೋ ಶಿವನೇ, ಇದೇನು ಬೀಗರೂಟವೇ!” ಎಂದರು. ಹದಿಮೂರನೆಯವರಾಗಿ ಕಡೂರಿನ ಹೆಸರು ಕೂಗಿದರು.

ಸುಲೋಚನಮ್ಮನವರು ಕುರ್ಚಿಯನ್ನು ಲ್ಯಾಪ್‌ಟಾಪಿನ ಹತ್ತಿರಕ್ಕೆ ಎಳೆದುಕೊಂಡರು. ಮೂರು ನಿಮಿಷದಲ್ಲಿ ಎಷ್ಟು ಮಾತು ಹಿಡಿಸುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಸಭೆಯಲ್ಲಿ ಇರಲಿಲ್ಲ.

“ನಮಸ್ಕಾರ ಅಧ್ಯಕ್ಷರೇ. ಕನ್ನಡದಲ್ಲೇ ಮಾತಾಡ್ತೀನಿ, ನಿಮ್ಮ ಫೋನಿಗೆ ಬರೋ ಭಾಷೆ ನಿಮಗೂ ಬರ್ಬೇಕು. ನಿಮ್ಮ ಫೋನೊಂದನ್ನ ನಮ್ಮ ಮನೆ ಹುಡುಗಿಗೆ ಬಾಗಿನ ಕೊಟ್ಟೆ. ಖಾಲಿ ಕೊಡಬಾರ್ದು ಅಂತ ನಾನೇ ಎಲ್ಲಾ ಹಾಕ್ಕೊಟ್ಟೆ. ನೀವು ಕೇಳಿದ್ದಕ್ಕೆಲ್ಲ ನಾನೇ ಒಪ್ಪಿಗೆ ಒತ್ತಿದೆ, ಓದದೆ. ಅದು ನನ್ನ ತಪ್ಪು, ಇಷ್ಟು ಜನರ ಮುಂದೆ ಒಪ್ಕೋತೀನಿ. ಅವಳು ಯಾರಿಗೆ ಫೋನ್ ಮಾಡಿದ್ಲು ಅನ್ನೋದು ನಿಮ್ಮಿಂದ ಆಚೆ ಹೋಗಿ, ಅವಳ ಬದುಕು ಬೀದಿಗೆ ಬಂತು. ಅವಳು ಯಾರು, ಯಾತಕ್ಕೆ ಫೋನ್ ಮಾಡಿದ್ಲು? ಅದು ನಿಮಗೆ ಬೇಡ. ಅವಳ ಒಪ್ಪಿಗೆ ನಮ್ಮ ಹತ್ರ ಇದೆ ಅಂತ ನೀವು ಹೇಳ್ತೀರಿ. ಇಲ್ಲ ಸ್ವಾಮಿ, ನಿಮ್ಮ ಹತ್ರ ಇರೋದು ಈ ಮುದುಕಿ ಬೆರಳಿನ ಒಪ್ಪಿಗೆ. ನಾನು ಹದಿನೈದು ವರ್ಷ ಅಜ್ಜಂಪುರದಲ್ಲಿ ಲೈನ್ ಕೊಟ್ಟೋಳು. ಲೈನ್ ಕೊಡೋಕೆ ಮಾತು ಕೇಳ್ಬೇಕಾಗಿಲ್ಲ. ಕೀ ಬಿಟ್ರೂ ಇಬ್ರೂ ಮಾತಾಡ್ಕೋತಾರೆ. ನೀವು ಯಾವಾಗ ಬಿಡ್ತೀರಿ, ಅದನ್ನ ಹೇಳಿ.”

ಸಮಯ ಮುಗಿದ ಗಂಟೆ ಆಗಿನ್ನೂ ಹೊಡೆದಿರಲಿಲ್ಲ. ಓಂಕಾರೇಶ ಮೆಲ್ಲಗೆ, “ಯಾರಕ್ಕ ಆ ಹುಡುಗಿ?” ಎಂದ. ಸುಲೋಚನಮ್ಮನವರು ಅವನನ್ನು ಒಂದು ನೋಟ ನೋಡಿದರು. ಅವನು ಮತ್ತೆ ಕೇಳಲಿಲ್ಲ.

ಎಲ್ಲರೂ ಮಾತಾಡಿ ಮುಗಿಸಿದ ಮೇಲೆ ಅಧ್ಯಕ್ಷರು ಉತ್ತರ ಹೇಳಲು ಕೂತರು. ಸಿಹಿಗೂ ಫ್ಯಾಕ್ಟರಿಗೂ ಇಂಗ್ಲಿಷಿನಲ್ಲಿ ಉತ್ತರವಾಯಿತು. ಹದಿಮೂರನೆಯ ಪ್ರಶ್ನೆಗೆ ಬಂದಾಗ ಕೈಯಲ್ಲಿದ್ದ ಹಾಳೆಯನ್ನು ನೋಡಿ ಪಕ್ಕಕ್ಕಿಟ್ಟರು. ಕನ್ನಡ ಅವರಿಗೆ ಚೆನ್ನಾಗಿಯೇ ಬರುತ್ತಿತ್ತು.

“ಅಮ್ಮ, ಗ್ರಾಹಕರ ಅನುಮತಿ ಪಡೆದೇ ಮಾಡಿದ್ದೇವೆ ಅಂತ ನನಗೆ ಬರೆದುಕೊಟ್ಟಿದ್ದಾರೆ. ಅದನ್ನ ನಿಮ್ಮ ಮುಂದೆ ಓದೋಕೆ ನನಗೆ ಮನಸ್ಸು ಬರ್ತಿಲ್ಲ. ದಸರಾ ಒಳಗೆ ಎಲ್ಲ ಫೋನ್‌ಗಳಲ್ಲೂ ಆ ಸೌಲಭ್ಯ ನಿಲ್ಲಿಸ್ತೀವಿ. ತಗೊಂಡಿರೋ ಪಟ್ಟಿಗಳನ್ನ ಅಳಿಸ್ತೀವಿ. ಬೇಕು ಅನ್ನೋರು ಮಾತ್ರ ಅವರೇ ಓದಿ, ಅವರೇ ಹಾಕ್ಕೊಳ್ಳಲಿ.”

“ಸರ್ಕಾರದ ನೋಟಿಸ್ ಬಂದಿತ್ತಲ್ಲ, ಹೆಂಗಿದ್ರೂ ಮಾಡ್ಲೇಬೇಕಿತ್ತು,” ಎಂದರು ತೀರ್ಥಪ್ಪ. ಇದ್ದರೂ ಇದ್ದೀತು. ಆ ದಿನ ಷೇರು ಇನ್ನೊಂದಿಷ್ಟು ಇಳಿಯಿತು ಕೂಡ. ತೀರ್ಥಪ್ಪನವರು ಮಾರಿದರು. ಸುಲೋಚನಮ್ಮನವರು ಮಾರಲಿಲ್ಲ. “ಮಾತು ಉಳಿಸ್ಕೊಳ್ಳಲಿಲ್ಲ ಅಂದ್ರೆ ಮುಂದಿನ ವರ್ಷ ಮತ್ತೆ ಕೇಳ್ಬೇಕಲ್ಲ, ಷೇರಿಲ್ದಿದ್ರೆ ಒಳಗೆ ಬಿಡ್ತಾರಾ?” ಎಂದರು. ಮುಂದಿನ ಶನಿವಾರ ಓಂಕಾರೇಶ ಫ್ಯಾನಿನ ಕೆಳಗಿನ ಕುರ್ಚಿಗೆ ಒಂದು ಹೊಸ ದಿಂಬು ತಂದು ಹಾಕಿದ್ದ, ಯಾರಿಗೂ ಹೇಳದೆ.

ಆಯುಧಪೂಜೆಗೆ ಎರಡು ದಿನ ಮುಂಚೆ ಫೋನುಗಳಿಗೆ ‘ಕರೆ ಸಹಾಯಕ’ವನ್ನು ತೆಗೆದ ಹೊಸ ಅಪ್‌ಡೇಟ್ ಬಂತು. ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಸುಲೋಚನಮ್ಮನವರ ಮನೆಯ ಬಾಗಿಲಲ್ಲಿ ನಿಶ್ಚಿತಾ ನಿಂತಿದ್ದಳು. ಸಭೆಯ ಸಂಗತಿಯನ್ನು ಧರ್ಮೇಶ ಅವಳಿಗೆ ಹೇಳಿದ್ದ. ಒಳಗೆ ಬಂದು ನೀರು ಕುಡಿದಳು.

“ನನ್ನ ಹೆಸರು ಹೇಳ್ಲಿಲ್ವಂತೆ,” ಎಂದಳು.

“ಅದು ನಂದಲ್ವಲ್ಲೇ, ಹೇಳೋಕೆ.”

ಇಬ್ಬರೂ ನಡುಮನೆಯ ಚಾಪೆಯ ಮೇಲೆ ಕೂತು ಫೋನನ್ನು ಮೊದಲಿನಿಂದ ಸರಿಮಾಡಿದರು. ದೊಡ್ಡಮ್ಮ ಕನ್ನಡಕ ಏರಿಸಿ ಒಂದೊಂದು ಪ್ರಶ್ನೆಯನ್ನೂ ಗಟ್ಟಿಯಾಗಿ ಓದುವುದು, ಅರ್ಥವಾಗದಿದ್ದರೆ ಇನ್ನೊಮ್ಮೆ ಓದುವುದು, ನಿಶ್ಚಿತಾ ಯೋಚಿಸಿ ‘ಬೇಡ’ ಎಂದು ಒತ್ತುವುದು. ಒಂದು ಗಂಟೆಗೂ ಮೇಲೆ ಹಿಡಿಯಿತು. ಕೊನೆಗೆ ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡು ಅದರ ಪರದೆಯನ್ನು ಅಂಗೈಯಿಂದ ಒರೆಸಿದಳು. ಆಮೇಲೆ ಶಿವಮೊಗ್ಗದ ಆಸ್ಪತ್ರೆಯ ನಂಬರ್ ಒತ್ತಿದಳು.

ಅದು ರಿಂಗಾದದ್ದೇ ತಡ ಸುಲೋಚನಮ್ಮನವರು ಮಂಡಿ ಹಿಡಿದುಕೊಂಡು ಎದ್ದರು. “ಒಲೆ ಮೇಲೆ ಹಾಲಿಟ್ಟಿದ್ದೆ,” ಎಂದರು. ಹಾಲೂ ಇರಲಿಲ್ಲ, ಒಲೆಯೂ ಹೊತ್ತಿರಲಿಲ್ಲ.

ನಿಶ್ಚಿತಾ ಅವರ ಸೆರಗು ಹಿಡಿದು ಎಳೆದಳು. “ಎಲ್ಲಿಗೆ ಹೋಗ್ತೀಯ? ಕೂತ್ಕೊ ಇಲ್ಲಿ.”

ಕೂತರು. ಅವಳು ತನ್ನ ಹೆಸರು ಹೇಳಿದಳು, ಫೈಲ್ ನಂಬರ್ ಹೇಳಿದಳು, ಮೂರು ತಿಂಗಳು ಬರಲಾಗಲಿಲ್ಲ, ಇನ್ನು ತಪ್ಪಿಸುವುದಿಲ್ಲ ಎಂದಳು. ಮುಂದಿನ ಮಂಗಳವಾರಕ್ಕೆ ಬರೆದುಕೊಂಡರು. ಜೊತೆಗೆ ಯಾರು ಬರುತ್ತಾರೆ ಎಂದು ಆ ಕಡೆಯಿಂದ ಕೇಳಿದರು.

“ನಮ್ಮ ಯಜಮಾನ್ರು ಬತ್ತಾರೆ,” ಎಂದಳು ನಿಶ್ಚಿತಾ. “ಆಮೇಲೆ ನಮ್ಮಮ್ಮನೂ ಬತ್ತಾರೆ.”

ಸುಲೋಚನಮ್ಮನವರು ಕಣ್ಣೊರೆಸಿಕೊಳ್ಳಲು ಸೆರಗಿಗೆ ಕೈ ಹಾಕಿದರು. ಅದು ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.