ಭಟ್ಟರು ಉಸಿರೆಳೆದ ಜಾಗದಲ್ಲಿ

ಶಬ್ದ ತಿದ್ದುವುದೇ ನನ್ನ ಕಸುಬು. ಇಲ್ಲದ ಮಳೆ ಸುರಿಸುತ್ತೇನೆ, ಖಾಲಿ ಸಭಾಂಗಣದಲ್ಲಿ ಚಪ್ಪಾಳೆ ಹೊಡೆಸುತ್ತೇನೆ. ಹಾಗಾಗಿ ಈ ಘಟನೆ ಹೇಳಿದಾಗೆಲ್ಲ ಗೆಳೆಯರು ನೀನೇ ಮಾಡಿದ್ದಿರಬೇಕು ಎನ್ನುತ್ತಾರೆ. ನಾನು ಮಾಡಿದ್ದಲ್ಲ. ಮಾಡಿದ್ದಾಗಿದ್ದರೆ ಎಷ್ಟೋ ನೆಮ್ಮದಿಯಿರುತ್ತಿತ್ತು.

ಜೆಪ್ಪುವಿನಲ್ಲಿ ನನ್ನದೂ ರೋಶನನದೂ ಸೇರಿ ಒಂದು ಚಿಕ್ಕ ಸ್ಟುಡಿಯೋ ಇದೆ. ಆ ವಾರವಿಡೀ ತುಳು ನಾಟಕವೊಂದರ ಡಬ್ಬಿಂಗ್ ಹಚ್ಚಿಕೊಂಡು ನಿದ್ದೆಗೆಟ್ಟಿದ್ದೆವು. ಕಣ್ಣಲ್ಲಿ ಮರಳು ಹೊಯ್ದ ಹಾಗೆ ಉರಿ. ಅಂಥ ಒಂದು ಮಧ್ಯಾಹ್ನ ವಾಸುದೇವ ಭಟ್ಟರನ್ನು ಅವರ ಮಗಳು ಶ್ರೀವಿದ್ಯಾ ಕರೆತಂದರು.

ಭಟ್ಟರು ದೇವಸ್ಥಾನದ ಅರ್ಚಕರು. ಗಂಟಲಿನಲ್ಲಿ ಗಡ್ಡೆ. ಮರುದಿನ ಬೆಳಿಗ್ಗೆ ಆಸ್ಪತ್ರೆ ಸೇರಬೇಕು. ಆಪರೇಷನ್ ಆದ ಮೇಲೆ ಸ್ವರವೇ ಇರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಬೆಳಗಿನ ಸ್ತೋತ್ರಗಳನ್ನು ಅವರ ಬಾಯಲ್ಲೇ ಹಿಡಿದಿಡಬೇಕಿತ್ತು. ಶ್ರೀವಿದ್ಯಾ ಕೇಳಿದ್ದು ಒಂದೇ. "ಅಪ್ಪನ ಸ್ವರ ಹೇಗುಂಟೋ ಹಾಗೇ ಬೇಕು. ಚಂದ ಮಾಡ್ಲಿಕ್ಕೆ ಹೋಗಬೇಡಿ."

ಕಂಪ್ಯೂಟರ್ ಶಬ್ದವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕಿಗಳಾಗಿ ಇಟ್ಟುಕೊಳ್ಳುತ್ತದೆ. ಇದೇ ಸ್ಯಾಂಪಲ್ ರೇಟ್. ನಮ್ಮ ಕೆಲಸವೆಲ್ಲ ನಲವತ್ತೆಂಟು ಸಾವಿರದಲ್ಲಿ. ಮನುಷ್ಯನ ಕಿವಿಗೆ ಕೇಳುವುದೆಲ್ಲ ಅದರಲ್ಲಿ ಬರುತ್ತದೆ. ತೊಂಬತ್ತಾರು ಸಾವಿರಕ್ಕೆ ಏರಿಸಿದರೆ ಕಿವಿಗೆ ನಿಲುಕದ ಎತ್ತರದ ಶಬ್ದವೂ ಒಳಗೆ ಬಂದು ಕೂರುತ್ತದೆ. ಸುಮ್ಮನೆ ಡಿಸ್ಕ್ ತುಂಬಿಸುವುದು ಯಾಕೆ ಎಂದು ರೋಶನ್ ಗೊಣಗಿದ. ಇನ್ನೊಮ್ಮೆ ಸಿಗುವ ಸ್ವರವಲ್ಲ ಎಂದು ನಾನೇ ತೊಂಬತ್ತಾರು ಇಟ್ಟೆ.

ಭಟ್ಟರಿಗೆ ಉಸಿರು ಸಾಲುತ್ತಿರಲಿಲ್ಲ. ಎರಡು ಸಾಲು ಹೇಳುವರು, ನಿಲ್ಲುವರು... ಮತ್ತೆ ಎರಡು ಸಾಲು. ಮುಗಿಸಿ ಹೋದ ಮೇಲೂ ಗಾಜಿನ ಕೋಣೆಯಲ್ಲಿ ಗಂಧದ ಪರಿಮಳ ಉಳಿದಿತ್ತು.

ಬೆಳಗಾಗುವುದರೊಳಗೆ ಫೈಲ್ ಕೊಡಬೇಕಿತ್ತು. ರೋಶನ್ ಮನೆಗೆ ಹೋಗಿ ಮಲಗಿದ. ನಾನೊಬ್ಬನೇ. ಎಸಿಯ ಗುಂಯ್‌ಗುಡುವಿಕೆ, ಬಿಸಿಯಾದ ಆಂಪ್ಲಿಫೈಯರಿನ ಧೂಳಿನ ವಾಸನೆ, ದೂರದಲ್ಲೊಂದು ಗೂಡ್ಸ್ ರೈಲು.

ಆಯಾಸದಲ್ಲಿ ಭಟ್ಟರ ಫೈಲನ್ನು ನಾಟಕದ ಪ್ರಾಜೆಕ್ಟಿನೊಳಗೇ ಹಾಕಿಬಿಟ್ಟೆ. ಆ ಪ್ರಾಜೆಕ್ಟು ನಲವತ್ತೆಂಟರದ್ದು. ತೊಂಬತ್ತಾರರ ಶಬ್ದವನ್ನು ನಲವತ್ತೆಂಟರಲ್ಲಿ ಹಾಗೇ ಓಡಿಸಿದರೆ ವೇಗ ಅರ್ಧವಾಗುತ್ತದೆ. ಭಟ್ಟರ ಸ್ವರ ಬಾವಿಯೊಳಗಿಂದ ಎಳೆದ ಹಾಗೆ ದಪ್ಪಗೆ ಬಂತು. ಸರಿಪಡಿಸಲು ಮೌಸಿಗೆ ಕೈಯಿಟ್ಟೆ. ಅಷ್ಟರಲ್ಲಿ ಅವರು ಉಸಿರಿಗೆ ನಿಂತರು.

ಆ ಖಾಲಿ ಜಾಗದಲ್ಲಿ... ಒಂದು ಸಣ್ಣ ಸದ್ದು. ಜೀರುಂಡೆಯಷ್ಟು ತೆಳ್ಳಗೆ. ಭಟ್ಟರು ಶುರು ಮಾಡಿದ ಕೂಡಲೇ ನಿಂತಿತು. ಅವರು ನಿಂತಾಗ ಮತ್ತೆ ಬಂತು.

ಬಾವಲಿ ಇರಬೇಕು ಎಂದುಕೊಂಡೆ. ಆದರೆ ಹಗಲು ಹೊತ್ತಿನಲ್ಲಿ, ಮುಚ್ಚಿದ ಕೋಣೆಯೊಳಗೆ? ಅದೂ ಸರದಿ ಕಾದು ಕೂಗುವ ಬಾವಲಿ?

ವೇಗವನ್ನು ಮತ್ತೆ ಅರ್ಧ ಮಾಡಿದೆ. ಮತ್ತೆ ಅರ್ಧ. ಭಟ್ಟರ ಸ್ವರ ಬರೇ ನಡುಕವಾಗಿ ನೆಲದಲ್ಲಿ ಹರಿಯತೊಡಗಿತು. ಆ ಇನ್ನೊಂದು ಮಾತ್ರ ಇಳಿಯುತ್ತಾ, ಬಿಡಿಬಿಡಿಯಾಗುತ್ತಾ ಬಂತು. ಕೊನೆಗೊಮ್ಮೆ ಇಳಿಸಿದಾಗ ಅದು ಹೆಂಗಸಿನ ಸ್ವರ. ಅವಸರವಿಲ್ಲ. ಕಿವಿಯ ಹತ್ತಿರವೇ ಕೂತು ತುಳುವಿನಲ್ಲಿ ಕೇಳಿದ ಹಾಗೆ.

"ಬಚ್ಚುಂಡಾ?... ಯಾವು. ಬಲೆ."

ಆಯಾಸವಾಯಿತಾ, ಸಾಕು, ಬನ್ನಿ.

ಹೆಡ್‌ಫೋನ್ ಕಿತ್ತಿಟ್ಟೆ. ಎಸಿ ಆರಿಸಿ ಬಾಗಿಲು ತೆರೆದು ರಸ್ತೆ ದೀಪದ ಕೆಳಗೆ ಎಷ್ಟೋ ಹೊತ್ತು ನಿಂತೆ. ಒಳಗೆ ಹೋಗದೆ ಇರಲಿಕ್ಕೂ ಆಗದು, ಕೆಲಸ ಬಾಕಿಯಿತ್ತು.

ಸರಿಯಾದ ವೇಗದಲ್ಲಿ ಹಾಕಿ ನೋಡಿದರೆ ಏನೂ ಇಲ್ಲ, ಶುದ್ಧ ಮೌನ. ನಲವತ್ತೆಂಟಕ್ಕೆ ಪರಿವರ್ತಿಸಿದ ಪ್ರತಿಯಲ್ಲಿ ಎಷ್ಟು ನಿಧಾನ ಮಾಡಿದರೂ ಅವಳಿಲ್ಲ. ಆ ಎತ್ತರದ ಶಬ್ದವನ್ನೆಲ್ಲ ಪರಿವರ್ತನೆಯೇ ಕತ್ತರಿಸಿಬಿಡುತ್ತದೆ. ಎರಡು ಪ್ರತಿ ಮುಂದಿಟ್ಟುಕೊಂಡು ಕೂತೆ. ಹೇಗುಂಟೋ ಹಾಗೇ ಬೇಕು ಎಂದಿದ್ದರು ಶ್ರೀವಿದ್ಯಾ. ಯಾವುದನ್ನು ಕೊಡಲಿ?

ಬೆಳಿಗ್ಗೆ ಆಸ್ಪತ್ರೆಯ ದಾರಿಯಲ್ಲಿ ಅವರ ಕಾರು ನಮ್ಮಲ್ಲಿ ನಿಂತಿತು. ಭಟ್ಟರ ಹೆಂಡತಿ ಕಾರಿನೊಳಗಿಂದಲೇ ನನ್ನನ್ನು ಮಾತಾಡಿಸಿದರು. ಆ ಸ್ವರ ಇವರದಲ್ಲ ಎಂದು ಅಲ್ಲಿಗೆ ಖಚಿತವಾಯಿತು. ನಾನು ಭಟ್ಟರನ್ನು ಮಾತ್ರ ಒಳಗೆ ಕರೆದು ಹೆಡ್‌ಫೋನ್ ಹಾಕಿ ಕೇಳಿಸಿದೆ. ಅವರು ಬೆಚ್ಚಲಿಲ್ಲ. ಕಣ್ಣು ಮುಚ್ಚಿ ಕೇಳಿ, ನಿಧಾನವಾಗಿ ಹೆಡ್‌ಫೋನ್ ತೆಗೆದಿಟ್ಟರು.

"ನಿಮಗೂ ಕೇಳಿತಾ? ನನಗೊಬ್ಬನಿಗೇ ಅಂತ ಎಣಿಸಿದ್ದೆ."

ಯಾರು ಎಂದು ಕೇಳಿದೆ.

"ಗೊತ್ತಿಲ್ಲ. ಗಂಟಲು ಹಿಡಿದ ಮೇಲೆ ಶುರುವಾದದ್ದು. ಬಾಯಿ ನಿಲ್ಲಿಸಿದರೆ ಸಾಕು, ಕೇಳ್ತಾಳೆ. ನನಗೆ ಇಷ್ಟು ನಿಧಾನ ಮಾಡುವ ಅಗತ್ಯ ಇಲ್ಲ." ಹೆಡ್‌ಫೋನಿನ ವೈರು ಸುತ್ತಿಟ್ಟರು. "ಮುಂದಿನ ಸಾಲು ಹೇಳ್ತೇನೆ, ಅದೇ ಅವಳಿಗೆ ನನ್ನ ಉತ್ತರ. ನಾಳೆಯಿಂದ ಎಂತ ಉತ್ತರ ಕೊಡುವುದೋ."

ಎರಡು ಪ್ರತಿಯ ವಿಷಯ ಹೇಳಿದೆ. ಮಗಳಿಗೆ ನಲವತ್ತೆಂಟರದ್ದನ್ನೇ ಕೊಡಿ ಎಂದು ಹೇಳಿ ಎದ್ದರು. ಹಾಗೇ ಕೊಟ್ಟೆ. ಕೊಡುವ ಮುಂಚೆ ಮತ್ತೊಮ್ಮೆ ಪರೀಕ್ಷಿಸಿದೆ. ಅದರಲ್ಲಿ ಏನೂ ಇರಲಿಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ.

ಆಪರೇಷನ್ ಚೆನ್ನಾಗಿ ಆಯಿತು. ಭಟ್ಟರು ಮನೆಗೆ ಬಂದರು, ಗಂಜಿ ಕುಡಿಯುತ್ತಾರೆ, ಅಂಗಳದಲ್ಲಿ ನಡೆಯುತ್ತಾರೆ ಎಂಬ ಸುದ್ದಿ ಬಂತು. ನಾನು ಬೇರೆ ಕೆಲಸಗಳಲ್ಲಿ ಮುಳುಗಿದೆ.

ಮೊನ್ನೆ ಶ್ರೀವಿದ್ಯಾ ಫೋನ್ ಮಾಡಿದ್ದರು. ದಿನಾ ಸಂಜೆ ದೀಪ ಹಚ್ಚಿ ಆ ರೆಕಾರ್ಡಿಂಗ್ ಹಾಕುತ್ತಾರಂತೆ, ಅಪ್ಪ ಮುಂದೆ ಕೂತು ಕೇಳುತ್ತಾರಂತೆ. ಆಮೇಲೆ ಕೇಳಿದರು.

"ಅದರಲ್ಲಿ ನಡುನಡುವೆ ಖಾಲಿ ಉಂಟಲ್ಲ, ಅಪ್ಪ ಉಸಿರು ತೆಗೆದದ್ದು... ಅಲ್ಲಿ ಎಂತಾದ್ರೂ ಶಬ್ದ ಉಂಟಾ?"

ಇಲ್ಲ ಎಂದೆ. ಯಾಕೆ ಎಂದು ಕೇಳಿದೆ.

"ಅಲ್ಲಿ ಬರುವಾಗೆಲ್ಲ ಅಪ್ಪ ತಲೆ ಆಡಿಸ್ತಾರೆ. ಇಷ್ಟು ದಿನ ಬೇಡ, ಬೇಡ ಅಂತ ಆಡಿಸ್ತಿದ್ದರು." ಅವರ ದನಿ ತೀರಾ ಸಣ್ಣದಾಯಿತು. "ಈ ವಾರ, ಆಯ್ತು ಅಂತ ಆಡಿಸ್ತಾ ಇದ್ದಾರೆ."