ಅನ್ನದ ಕುಕ್ಕರ್ ಬಂದ ಮನೆ

ಬುಸಾನ್ ಬಂದರಿನ ಹಿಂದಿನ ಗುಡ್ಡಕ್ಕೆ ಇನ್ನೂ ಬೆಳಕು ಹರಿದಿಲ್ಲ. ಮೇಲಿನ ಓಣಿಯ ಖಾಲಿ ಮನೆಯೊಂದರಲ್ಲಿ ಅರವತ್ತನಾಲ್ಕು ವರ್ಷದ ಪ್ಯೋ ಮಾಲ್ಸುನ್ ಕೋಟು ಕಳಚದೆ ಬರಿನೆಲದ ಮೇಲೆ ಅಂಗಾತ ಮಲಗಿದ್ದಾರೆ. ದೀಪ ಹಾಕಿಲ್ಲ, ಕಿಟಕಿ ತೆರೆದಿಲ್ಲ. ಅವರ ಬಗ್ಗೆ ಬರೆಯಲು ಬಂದ ನಾನು ಏನು ಮಾಡಬೇಕೆಂದು ತೋಚದೆ ಬಾಗಿಲಲ್ಲಿ ಶೂ ಹಿಡಿದುಕೊಂಡು ನಿಂತಿದ್ದೇನೆ.

"ಸ್ವಲ್ಪ ಸುಮ್ನಿರಿ," ಅನ್ನುತ್ತಾರೆ. ನಾನು ಬಾಯೇ ಬಿಟ್ಟಿರಲಿಲ್ಲ. "ಮೇಲಿನ ಮನೆಯೋರು ಹೆಜ್ಜೆ ಹೇಗೆ ಹಾಕ್ತಾರೆ ಅಂತ ಕೇಳಿಸ್ಕೋತಾ ಇದೀನಿ."

ಕೇಳಿಸಿಕೊಂಡದ್ದಾದ ಮೇಲೆ ಮಗ್ಗುಲಾಗಿ ಕಿಟಕಿಯ ಮೂಲೆಗೆ ಉರುಳುತ್ತಾರೆ. ನೆಲದಡಿಯ ಬಿಸಿನೀರಿನ ಕೊಳವೆ ಅಲ್ಲಿಗೂ ಬಿಸಿ ಮುಟ್ಟಿಸುತ್ತದೆಯೇ ಎಂಬುದು ಅಂಗೈಗಿಂತ ಬೆನ್ನಿಗೆ ಚೆನ್ನಾಗಿ ತಿಳಿಯುತ್ತದಂತೆ. ಎದ್ದು ಗೋಡೆಯ ಬೀರುವಿನೊಳಗೆ ಮೂಗು ತೂರಿಸಿ ಬೂಸಲು ವಾಸನೆ ಇದೆಯೇ ನೋಡುತ್ತಾರೆ. ಓಣಿಯವರೆಲ್ಲ ಒಟ್ಟಿಗೇ ಸ್ನಾನಕ್ಕೆ ಹೋಗುವ ಹೊತ್ತಾಗುತ್ತಲೇ, ಆಗಲೂ ನೀರು ಸಾಕಷ್ಟು ಬರುತ್ತದೆಯೇ ಎಂದು ಇಲ್ಲಿಯ ನಲ್ಲಿ ತಿರುಗಿಸುತ್ತಾರೆ. ನೀರು ಮೊದಲು ಕೆಮ್ಮಿ, ಆಮೇಲೆ ದಪ್ಪವಾಗಿ ಸುರಿಯುತ್ತದೆ.

"ಮಧ್ಯಾಹ್ನ ಬಂದ್ರೆ ಎಲ್ಲಾ ಮನೆನೂ ಚೆಂದವೇ. ಹೆಣ್ಣು ನೋಡೋಕೆ ಬಂದಾಗ ಯಾರಾದ್ರೂ ಸಿಡುಕ್ತಾರಾ? ಬೆಳಗ್ಗೆ ಎದ್ದ ಮುಖ ನೋಡ್ಬೇಕು," ಎನ್ನುತ್ತ ಬೆನ್ನಿನ ಧೂಳು ಕೊಡವಿಕೊಳ್ಳುತ್ತಾರೆ.

ಮಾಲ್ಸುನ್ ಮನೆ ದಲ್ಲಾಳಿ. ಗುಡ್ಡದ ಬುಡದಲ್ಲಿ, ಮೆಟ್ಟಿಲು ಶುರುವಾಗುವಲ್ಲೇ ಅವರ ಅಂಗಡಿ. ಒಂದು ಮೇಜು, ಒಂದು ಹರಕು ಸೋಫಾ, ಪೊಟ್ಟಣದ ಕಾಫಿ ಕಲಸಲು ಬಿಸಿನೀರಿನ ಕೆಟಲ್. ಮನೆ ಹುಡುಕುವ ಗೊಡವೆಯೇ ಇಲ್ಲದ ಮುದುಕರು ಹಗಲಿಡೀ ಅಲ್ಲಿ ಚದುರಂಗ ಆಡುತ್ತಾರೆ, ಕಾಫಿಯೂ ಬಿಟ್ಟಿ. ಮೊದಲು ಆಕೆ ಮೀನು ಡಬ್ಬಿ ಕಾರ್ಖಾನೆಯಲ್ಲಿ ಬಂಗುಡೆ ಸೀಳುತ್ತಿದ್ದರು. ಐಸು ನೀರಿಗೆ ಬೆರಳ ಗಂಟುಗಳೆಲ್ಲ ಊದಿಕೊಂಡ ಮೇಲೆ ದಲ್ಲಾಳಿ ಪರೀಕ್ಷೆಗೆ ಕೂತರು. ಎರಡು ಸಲ ಫೇಲು. "ಮೂರನೇ ಸಲಾನೂ ಹೋಗಿದ್ರೆ ಮತ್ತೆ ಬಂಗುಡೆನೇ. ಆ ವಾಸನೆಗೆ ಹೆದರಿ ಪಾಸಾದೆ," ಎಂದು ನಗುತ್ತಾರೆ.

ಎಲ್ಲರೂ ಕೇಳುವ ಪ್ರಶ್ನೆಯನ್ನು ನಾನೂ ಕೇಳುತ್ತೇನೆ. ಮನೆ ತೋರಿಸುವ ಆ್ಯಪ್‌ಗಳು ಬಂದು ನಿಮ್ಮ ಅನ್ನಕ್ಕೆ ಕಲ್ಲು ಹಾಕಿದವೇ?

"ಹಾಕಿದ್ವು ಅಂದ್ರೆ ಸುಳ್ಳು. ಉದ್ಧಾರ ಮಾಡಿದ್ವು ಅಂದ್ರೂ ಸುಳ್ಳು. ಮೊದ್ಲು ಈ ಮೆಟ್ಲು ಹತ್ತಿ ಯಾರ್ರೀ ಬರ್ತಿದ್ರು? ಈಗ ಸಿಯೋಲಲ್ಲಿ ಕೂತೋರೂ ನನ್ನ ಓಣಿ ನೋಡ್ತಾರೆ. ಆದ್ರೆ ಫೋಟೋ ನೋಡಿದ್ದಕ್ಕೇ ಮನೆ ನೋಡಿಯಾಯ್ತು ಅಂದ್ಕೊಂಡು ಬರ್ತಾರೆ. ಫೋಟೋಕ್ಕೆ ಬೂಸಲು ವಾಸನೆ ಇರುತ್ತಾ?"

ಈ ಕಸುಬಿನಲ್ಲಿ ಕಳ್ಳಾಟವೂ ಇದೆ. ಇಲ್ಲದ ಮನೆಯ ಚೆಂದದ ಫೋಟೋ ಹಾಕಿ, ಜನ ಬಂದ ಮೇಲೆ "ಅಯ್ಯೋ, ಅದು ಈಗಷ್ಟೇ ಹೋಯ್ತು" ಎಂದು ಮತ್ತೊಂದು ಕೊಂಪೆ ತೋರಿಸುವವರಿದ್ದಾರೆ. ಅಂಥವರನ್ನು ಮಾಲ್ಸುನ್ ಬಾಯಿಗೆ ಬಂದಂತೆ ಬೈಯುತ್ತಾರೆ. ಕಳೆದ ತಿಂಗಳು ಅದೇ ಹಣೆಪಟ್ಟಿ ಅವರಿಗೇ ಬಿತ್ತು.

ಕೂ ಬುನ್‌ನ್ಯೊ ಎಂಬ ಅಜ್ಜಿ ಇದೇ ಗುಡ್ಡದವರು, ಒಂಟಿ ಜೀವ. ಅವರಿದ್ದ ಬಾಡಿಗೆ ಮನೆಯನ್ನು ಮಾಲೀಕರು ಕೆಡವಲು ಹೊರಟಿದ್ದರು. ಎಪ್ಪತ್ತೆಂಟರ ಒಂಟಿ ಹೆಂಗಸಿಗೆ ಯಾರೂ ಮನೆ ಕೊಡುವುದಿಲ್ಲ, ಒಳಗೇ ಸತ್ತರೆ ಎಂಬ ಭಯ. ಮಾಲ್ಸುನ್ ಮನೆ ಮನೆ ಅಲೆದು, ಕೊನೆಗೆ ಹಡಗುಕಟ್ಟೆಯಲ್ಲಿ ಬೆಸುಗೆ ಕೆಲಸ ಮಾಡಿ ನಿವೃತ್ತರಾದ ತಾಕ್ ಕಿಹ್ವಾನ್ ಅವರನ್ನು ತಮ್ಮ ಕೆಳಮನೆ ಕೊಡಲು ಒಪ್ಪಿಸಿದರು. ಅಜ್ಜಿಯ ಹಳೆಯ ಮನೆಯ ಭೋಗ್ಯದ ಹಣ ಕೈಗೆ ಬರುವುದು ತಿಂಗಳ ಕೊನೆಗೆ, ಕರಾರಿಗೆ ಸಹಿ ಬೀಳುವುದೂ ಆಗಲೇ. ಆದರೆ ಮನೆ ಬದಲಿಸಲು ಒಳ್ಳೆಯ ದಿನ, ಕಾಡುವ ದೆವ್ವ ಯಾವ ದಿಕ್ಕಿನಲ್ಲೂ ತಿರುಗದ ದಿನ, ಅದಕ್ಕೂ ಮೊದಲೇ ಬಂತು. ಇಂಥಾಗ ನಮ್ಮಲ್ಲಿ ಎಲ್ಲರೂ ಮಾಡುವುದನ್ನೇ ಅಜ್ಜಿ ಮಾಡಿದರು. ತಮ್ಮ ಅನ್ನದ ಕುಕ್ಕರಿನಲ್ಲಿ ಅಕ್ಕಿ ತುಂಬಿ ತಂದು ಹೊಸ ಮನೆಯ ನಡುವೆ ಇಟ್ಟು ಹೋದರು. ಸಾಮಾನು ಯಾವಾಗ ಬಂದರೂ ಸರಿ, ಒಕ್ಕಲಾದದ್ದು ಅಂದೇ.

"ಕುಕ್ಕರ್ ಬಂತಲ್ಲ, ನನ್ನ ತಲೇಲಿ ಆ ಮನೆ ಮುಗೀತು," ಎನ್ನುತ್ತಾರೆ ಮಾಲ್ಸುನ್. "ಫೋನಲ್ಲಿ ಮುಗಿದಿರ್ಲಿಲ್ಲ."

ಆ್ಯಪಿನಿಂದ ತೆಗೆಯಲು ಮರೆತಿದ್ದರು. ಅದನ್ನು ನೋಡಿ ಡೇಗು ನಗರದಿಂದ ಬೆಳಗಿನ ರೈಲು ಹಿಡಿದು ಬಂದವರು ಸೋಲ್ ಹ್ಯೆರಿಮ್, ಇಲ್ಲಿಯ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಸೇರಲಿದ್ದ ನರ್ಸು. "ಅದು ಹೋಯ್ತಮ್ಮ" ಎಂದದ್ದೇ ತಡ, ಆಕೆ ಸಿಡಿದರು.

"ಎಲ್ರೂ ಇದನ್ನೇ ಹೇಳೋದು ಮೇಡಂ. ಈಗ ಇನ್ನೊಂದು ತೋರಿಸ್ತೀರಿ, ಅಲ್ವಾ?"

ಅಂಗಡಿಯಲ್ಲೇ ನಿಂತು ಸುಳ್ಳು ಮನೆ ಎಂದು ಆ್ಯಪಿಗೆ ದೂರು ಕೊಟ್ಟರು. ಅಷ್ಟಕ್ಕೇ ಬಿಡದೆ ಫೋಟೋದ ಹಸಿರು ಗೇಟು ಹುಡುಕಿಕೊಂಡು ಹೋಗಿ ತಾಕ್ ಅವರ ಬಾಗಿಲು ತಟ್ಟಿ, ಹಣ ಸಿದ್ಧವಿದೆ, ಇವತ್ತೇ ಸಹಿ ಹಾಕುತ್ತೇನೆ ಎಂದರು. ದುಡಿಯುವ ಹುಡುಗಿ, ಗಟ್ಟಿ ಆರೋಗ್ಯ. ತಾಕ್ ಅವರ ಮನಸ್ಸು ಅಲ್ಲಾಡಿತು. ಮಾಲ್ಸುನ್‌ಗೆ ಫೋನು ಹೋಯಿತು.

"ನೋಡಮ್ಮಾ, ಅಜ್ಜಿ ಜೊತೆ ಇನ್ನೂ ಸಹಿ ಆಗಿಲ್ಲ ತಾನೆ?"

"ಆಗಿಲ್ಲ ಅಣ್ಣಾ. ಬರ್ತೀನಿ ಇರಿ."

ಬುನ್‌ನ್ಯೊ ಅಜ್ಜಿಗೆ ಇದು ತಪ್ಪಿದರೆ ಬೇರೆ ಮನೆಯೇ ಇರಲಿಲ್ಲ. ಮಾಲ್ಸುನ್ ಮೆಟ್ಟಿಲು ಹತ್ತಿ ಹೋದರು. ವಾದಿಸಲು ಅವರ ಬಳಿ ಕಾಗದವಿರಲಿಲ್ಲ. ತಾಕ್, ಹ್ಯೆರಿಮ್ ಇಬ್ಬರನ್ನೂ ಕೆಳಮನೆಗೆ ಕರೆದೊಯ್ದು ಬೀಗ ತೆಗೆದರು. ಬೋಳು ಕೋಣೆಯ ನಡುವೆ ಮುಚ್ಚಳಕ್ಕೆ ಟೇಪು ಸುತ್ತಿದ ಹಳೆಯ ಕುಕ್ಕರ್ ಕೂತಿತ್ತು.

"ನಾನಂತೂ ಮುಟ್ಟಲ್ಲ ಅಣ್ಣಾ. ಮನೆ ನಿಮ್ದು. ನೀವೇ ಎತ್ತಿ ಹೊರಗಿಡಿ."

ತಾಕ್ ಅವರು ಎರಡು ಹೆಜ್ಜೆ ಒಳಗಿಟ್ಟರಂತೆ. ಬಗ್ಗಿದರಂತೆ. ಟೇಪು ಬಿಡಿಸಿ ಮುಚ್ಚಳ ತೆಗೆದು ಅಕ್ಕಿ ನೋಡಿ, ಮತ್ತೆ ಮುಚ್ಚಿದರಂತೆ. ಆಮೇಲೆ ಎದ್ದು ರೇಗಿದ್ದು ಮಾಲ್ಸುನ್ ಮೇಲೆ: "ಹೀಗೇ ಬಿಟ್ರೆ ಹುಳ ಬೀಳುತ್ತೆ. ಬೇಗ ಬಂದು ಅನ್ನ ಮಾಡ್ಕೊಳ್ಳೋಕೆ ಹೇಳು ಮುದುಕಿಗೆ!"

ಬಾಗಿಲಲ್ಲಿ ನಿಂತಿದ್ದ ಹ್ಯೆರಿಮ್ ಮಾಲ್ಸುನ್ ಕಡೆ ತಿರುಗಿದರು. "ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ ಚಿಕ್ಕಮ್ಮ? ನಾನು ಹಾಸ್ಟೆಲ್‌ಗೆ ಹೋಗುವಾಗ್ಲೂ ನಮ್ಮಮ್ಮ ಮೊದ್ಲು ಕಳ್ಸಿದ್ದು ಕುಕ್ಕರ್‌ನೇ." ಮೇಡಂ ಹೋಗಿ ಚಿಕ್ಕಮ್ಮ ಬಂದದ್ದನ್ನು ಮಾಲ್ಸುನ್ ಈಗಲೂ ಹಿಗ್ಗಿನಿಂದ ಹೇಳುತ್ತಾರೆ.

ಆದರೆ ಕೊಟ್ಟ ದೂರನ್ನು ಹಿಂದೆಗೆದುಕೊಳ್ಳಲು ಆ್ಯಪಿನಲ್ಲಿ ದಾರಿಯಿಲ್ಲ. ಜನ ಮನೆ ಬದಲಿಸುವ ಈ ವಸಂತದಲ್ಲೇ ಮಾಲ್ಸುನ್ ಹಾಕಿದ್ದ ಮನೆಗಳೆಲ್ಲ ಅಲ್ಲಿಂದ ಮಾಯವಾಗಿವೆ. ಅಂಗಡಿಗೆ ಈಗ ಚದುರಂಗದ ಮುದುಕರಷ್ಟೇ ಬರುತ್ತಾರೆ. ನನಗೆ ಸಿಟ್ಟು ಬರುತ್ತದೆ. ಇಲ್ಲದ ಮನೆ ತೋರಿಸುವವರಿಗೂ, ಒಬ್ಬ ಅಜ್ಜಿಗೆ ಮನೆ ಉಳಿಸಿದ ಈಕೆಗೂ ಒಂದೇ ಶಿಕ್ಷೆಯೇ? ಮಾಲ್ಸುನ್‌ಗೆ ಮಾತ್ರ ಸಿಟ್ಟಿಲ್ಲ.

"ಆ ಹುಡುಗಿ ಊರಿಂದ ಊರಿಗೆ ಬಂದಿದ್ಲು. ಮನೆ ಫೋನಲ್ಲಿತ್ತು, ಇಲ್ಲಿರ್ಲಿಲ್ಲ. ಸುಳ್ಳು ಅಂದ್ರೆ ಅದೇ ಅಲ್ವಾ?"

ಇಂದು ಮುಂಜಾನೆ ಅವರು ಮಲಗಿ ನೋಡಿದ ಮನೆ ಆ ಹುಡುಗಿಗಾಗಿಯೇ. ಇದು ಯಾವ ಆ್ಯಪಿನಲ್ಲೂ ಇಲ್ಲ, ಖಾಲಿಯಾಗುತ್ತದೆಂದು ತರಕಾರಿ ಅಂಗಡಿಯಲ್ಲಿ ಕಿವಿಗೆ ಬಿದ್ದದ್ದು. ರಾತ್ರಿ ಪಾಳಿಯವರು ಮಲಗುವುದು ಹಗಲಿಗೆ, ಹಾಗಾಗಿ ಊರು ಎದ್ದ ಮೇಲೆ ಇಲ್ಲಿ ಎಷ್ಟು ಸದ್ದು ಎಂದು ತಿಳಿಯಬೇಕು. ನನ್ನನ್ನೂ ಗೋಡೆಗೊರಗಿಸಿ ಕೂರಿಸಿದ್ದಾರೆ. ಶಾಲೆಗೆ ಹೋಗುವ ಮಕ್ಕಳ ಗಲಾಟೆ ಕೆಳಗಿನ ಓಣಿಯಲ್ಲೇ ಕರಗುತ್ತದೆ. ಬಿಸಿಲು ಒಳಗೆ ಬಂದಾಗ ಮಾಲ್ಸುನ್ ಕಣ್ಣು ಮುಚ್ಚಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಾರೆ. ಮನೆ ಪಾಸು ಎಂದು ನಾನು ತಿಳಿಯುತ್ತೇನೆ.

ಎದ್ದು ಬೀಗ ಹಾಕುವಾಗ, ಆ್ಯಪಿನವರಿಗೆ ಫೋನು ಮಾಡಿದ್ದೆ ಎನ್ನುತ್ತಾರೆ. ಶಿಕ್ಷೆ ಕಡಿಮೆ ಮಾಡಿ ಎಂದು ಕೇಳುವುದಕ್ಕೆ? ಅಲ್ಲ.

"ಅದ್ರಲ್ಲಿ ಎರಡೇ ಗುಂಡಿ ಇರೋದು. 'ಖಾಲಿ ಇದೆ', ಇಲ್ದಿದ್ರೆ 'ಕರಾರು ಆಗಿದೆ'. ನಡುವೆ ಇನ್ನೊಂದು ಹಾಕ್ಕೊಡಿ ಅಂದೆ. ಆ ಕಡೆಯೋರು ನಕ್ಕು, ಮೇಲಿನೋರಿಗೆ ಹೇಳ್ತೀವಿ ಅಂದ್ರು."

"ಏನಂತ ಗುಂಡಿ?"

"'ಅನ್ನದ ಕುಕ್ಕರ್ ಬಂದಿದೆ' ಅಂತ. ಅಷ್ಟು ಓದಿದ ಮೇಲೆ ನಮ್ಮ ದೇಶದಲ್ಲಿ ಯಾರೂ ಬಂದು ಬಾಗಿಲು ತಟ್ಟಲ್ಲ."